ಸುಮ್ಮನೆ ಕೂರಲು ಒಂದು ಕೋಣೆ

ಬುಧವಾರ, ೧೪ನೇ ತಾರೀಖು
ಸಂಜೆ ನಾಲ್ಕು ಗಂಟೆ, ಮಾರುಕಟ್ಟೆ ಮುಚ್ಚಿದ ಮೇಲೆ

ನನ್ನ ಬೆಂಕಿಪೊಟ್ಟಣಕ್ಕೆ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ, ನಲವತ್ತು ದಿನದಿಂದ ಫೋನ್ ಎತ್ತದವಳು ಈಗ ಉತ್ತರ ಕೊಡುತ್ತಾಳೆಯೇ. ಒಂದು ಲೆಕ್ಕಕ್ಕೆ ಕಾಗದವೇ ವಾಸಿ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಇಬ್ಬರೂ ಕೇಳಿಸಿಕೊಳ್ಳುವುದಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಇಪ್ಪತ್ತೊಂಬತ್ತು ವರ್ಷ ಊರವರ ಮಾತನ್ನೆಲ್ಲ ಜೋಡಿಸಿಕೊಟ್ಟ ನನಗೆ ಸ್ವಂತ ಮಗಳ ಲೈನ್ ಮಾತ್ರ ಸಿಗುವುದಿಲ್ಲ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಸಿಟ್ಟು ಬಂದರೆ ಹರಿದು ಹಾಕು, ಆದರೆ ಪೂರ್ತಿ ಓದಿದ ಮೇಲೆ ಹರಿ.

ನೀನು ಕೊನೆಯದಾಗಿ ಕಳಿಸಿದ ಮೆಸೇಜು ನನ್ನ ಮುಂದೆಯೇ ಇದೆ. ನಿನಗೆ ಶೇರು ಮುಖ್ಯವೋ ನಾವು ಮುಖ್ಯವೋ ತೀರ್ಮಾನ ಮಾಡು, ತಿಂಗಳ ಕೊನೆಯೊಳಗೆ ಬರದಿದ್ದರೆ ಮಗುವನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತುಮಾಡಿ ನಿನ್ನ ಕೋಣೆಯನ್ನು ಅವಳಿಗೆ ಕೊಡುತ್ತೇನೆ, ಆಮೇಲೆ ಈ ಮನೆಯಲ್ಲಿ ನಿನಗೆ ಜಾಗ ಇಲ್ಲ ಎಂದು ಬರೆದಿದ್ದೀಯ. ತೀರ್ಮಾನ ಮಾಡಿಯಾಯಿತು. ಕೋಣೆ ಅವಳಿಗೇ ಕೊಡು. ಸಂಬಳವನ್ನೂ ಕೈಬಿಚ್ಚಿ ಕೊಡು, ಅವಳು ಮಾಡುವುದು ಕಷ್ಟದ ಕೆಲಸ. ನಾನು ವಾಪಸ್ಸು ಬರುವುದಿಲ್ಲ.

ಒಂದು ವಾರ ತಮ್ಮನ ಮನೆಗೆ ಹೋಗಿ ಬರುತ್ತೇನೆ ಎಂದು ಹೇಳಿ ಹೊರಟದ್ದು ಸುಳ್ಳು. ನಿನಗೂ ಅನುಮಾನ ಬಂದಿರಬೇಕು. ಒಂದು ವಾರಕ್ಕೆ ಹೋಗುವವರು ಕಂಪ್ಯೂಟರಿನ ಎರಡು ಪರದೆಗಳನ್ನು ಹೊದಿಕೆಯಲ್ಲಿ ಸುತ್ತಿ ಟ್ಯಾಕ್ಸಿಯಲ್ಲಿ ಮಡಿಲಮೇಲಿಟ್ಟುಕೊಂಡು ಹೋಗುವುದಿಲ್ಲ.

ಬೇರೆ ಮನೆ ನೋಡುತ್ತೇನೆಂದು ನಾನು ಮೊದಲ ಸಲ ಹೇಳಿದಾಗ ನೀನು ನಕ್ಕುಬಿಟ್ಟೆ. ನಗದೇ ಇದ್ದವರು ಅಳಿಯಂದಿರೊಬ್ಬರೇ. ಲಿಫ್ಟುಗಳನ್ನು ತಪಾಸಣೆ ಮಾಡಿ ಅಂಕ ಹಾಕುವ ಎಂಜಿನಿಯರ್ ಅಲ್ಲವೇ, ಸ್ವತಂತ್ರವಾಗಿ ಟ್ರೇಡಿಂಗ್ ಮಾಡುವವರಿಗೆ ವಾಸಕ್ಕೆ ಯಾವ ಊರು ಒಳ್ಳೆಯದು ಎಂದು ನಾಲ್ಕು ದಿನ ಕೂತು ಹುಡುಕಿ ಒಂದು ಪಟ್ಟಿ ಮಾಡಿ ಪ್ರಿಂಟ್ ತೆಗೆದು ಕೊಟ್ಟರು. ತೆರಿಗೆಗೆ ಇಷ್ಟು ಅಂಕ, ಇಂಟರ್ನೆಟ್ಟಿಗೆ ಇಷ್ಟು, ಬಾಡಿಗೆಗೆ, ಹವೆಗೆ, ಆಸ್ಪತ್ರೆಗೆ ಇಷ್ಟಿಷ್ಟು. ತೆರಿಗೆಯೇ ಇಲ್ಲದ, ಸಮುದ್ರದಂಚಿನ ಮಹಾನಗರಕ್ಕೆ ಎರಡನೇ ಸ್ಥಾನ. ಮೊದಲನೇ ಸ್ಥಾನ ನಿಮ್ಮದೇ ಮನೆಗೆ. ಹೇಗೆ ಅಂದರೆ, ಮೊಮ್ಮಗಳ ಒಡನಾಟ ಎಂಬ ಕಾಲಂ ಒಂದನ್ನು ಸೇರಿಸಿ ತಾವೇ ಹತ್ತಕ್ಕೆ ಹತ್ತು ಕೊಟ್ಟುಕೊಂಡಿದ್ದರು. ಅಷ್ಟು ಅಕ್ಕರೆಯಿಂದ ಮೋಸ ಮಾಡುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ನನಗೆ ಬೇಕಾದ ಕಾಲಂ ಅದರಲ್ಲಿ ಇರಲಿಲ್ಲ. ಅದೇನೆಂದು ನನಗೂ ಆಗ ಗೊತ್ತಿರಲಿಲ್ಲ, ಹಾಗಾಗಿ ಅವರ ತಪ್ಪಲ್ಲ.

ಈಗ ಗೊತ್ತಾಗಿದೆ, ಕೇಳು. ನಾನು ಬೆಳಿಗ್ಗೆ ಕೊಂಡ ಶೇರನ್ನು ಸಂಜೆಯೊಳಗೆ ಮಾರುತ್ತೇನೆ. ಏಳು ವರ್ಷದಿಂದ ಅದರಲ್ಲೇ ಊಟ, ಬಟ್ಟೆ, ಔಷಧಿ, ನಿನ್ನ ಮಗಳ ಸೈಕಲ್ಲು. ಈ ಕೆಲಸದಲ್ಲಿ ಕೊಳ್ಳುವುದು ಎರಡು ನಿಮಿಷ, ಮಾರುವುದು ಎರಡು ನಿಮಿಷ. ಉಳಿದ ಹೊತ್ತೆಲ್ಲ ಸುಮ್ಮನೆ ಕೂತು ನೋಡುವುದು. ಕೆಲವು ದಿನ ಏನೂ ಕೊಳ್ಳದೆ ಏಳುವುದೇ ಆ ದಿನದ ಒಳ್ಳೆಯ ಕೆಲಸ. ಸುಮ್ಮನೆ ಕೂರಲು ಬಾರದವರು ಇದರಲ್ಲಿ ಮೂರು ತಿಂಗಳೂ ಬಾಳುವುದಿಲ್ಲ.

ಆದರೆ ಸಂಸಾರದ ಮನೆಯಲ್ಲಿ ಹೆಂಗಸೊಬ್ಬಳು ಸುಮ್ಮನೆ ಕೂತದ್ದು ಯಾರ ಕಣ್ಣಿಗೂ ಕೆಲಸದಂತೆ ಕಾಣುವುದಿಲ್ಲ. ನಿಮ್ಮ ಮನೆಯಲ್ಲಿ ಹನ್ನೊಂದು ತಿಂಗಳಿದ್ದೆ. ಅಮ್ಮ ಹೇಗೂ ಸುಮ್ನೆ ಕೂತಿದಾಳಲ್ಲ, ಹಾಲು ಉಕ್ಕದ ಹಾಗೆ ನೋಡ್ಲಿ, ಅನ್ನುತ್ತಿದ್ದೆ ನೀನು. ಅಮ್ಮ ಹೇಗೂ ಸುಮ್ನೆ ಕೂತಿದಾಳಲ್ಲ, ಗ್ಯಾಸಿನವನು ಬಂದ್ರೆ ಬಾಗಿಲು ತೆಗೀಲಿ. ಮರಿ ಶಾಲೆಯಿಂದ ಬಂದ್ರೆ ಸ್ವಲ್ಪ ನೋಡ್ಕೊಳ್ಳಲಿ, ಬಟ್ಟೆ ಒಳಗೆ ತರಲಿ, ಇಸ್ತ್ರಿಯವನಿಗೆ ಲೆಕ್ಕ ಹೇಳಲಿ. ನೀನು ಹೇಳಿದ್ದರಲ್ಲಿ ಒಂದೂ ದೊಡ್ಡ ಕೆಲಸವಲ್ಲ, ಅದು ನನಗೂ ಗೊತ್ತು. ನೀನು ಆಫೀಸು, ಮಗು, ಮನೆ ಎಂದು ಎರಡು ಕೈಯಲ್ಲಿ ನಾಲ್ಕು ಕೈಯ ಕೆಲಸ ಮಾಡುವುದನ್ನೂ ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಒಂದು ದಿನವೂ ಇಲ್ಲ ಎನ್ನಲಿಲ್ಲ. ಅಲ್ಲೇ ನಾನು ಎಡವಿದ್ದು.

ನಾನು ಇದುವರೆಗೆ ಯಾರಿಗೂ ಹೇಳದ ಒಂದು ಮಾತನ್ನು ಈಗ ಬರೆಯುತ್ತೇನೆ. ನನ್ನ ಹತ್ತಿರ ಒಂದು ಪುಸ್ತಕವಿದೆ, ನೀಲಿ ರಟ್ಟಿನದು. ಏನು ಕೊಂಡೆ, ಯಾಕೆ ಕೊಂಡೆ ಎಂದು ಪ್ರತಿ ಸಲವೂ ಅದರಲ್ಲಿ ಬರೆಯುತ್ತೇನೆ. ನಿಮ್ಮ ಮನೆಗೆ ಬಂದ ಐದನೇ ತಿಂಗಳಿನಿಂದ ನಷ್ಟ ಶುರುವಾಯಿತು. ಎಷ್ಟು ತಲೆ ಕೆಡಿಸಿಕೊಂಡರೂ ಕಾರಣ ಹೊಳೆಯಲಿಲ್ಲ. ನಿಮಗಿಬ್ಬರಿಗೂ ರಜೆಯಿದ್ದ ಒಂದು ಮಧ್ಯಾಹ್ನ ಪುಸ್ತಕ ತೆರೆದು, ಯಾಕೆ ಕೊಂಡೆ ಎಂಬಲ್ಲಿ ಸುಳ್ಳು ಬರೆಯಬಾರದು ಎಂದು ಗಟ್ಟಿ ಮನಸ್ಸು ಮಾಡಿ ಕೂತೆ. ಆ ದಿನ ಬರೆದದ್ದು ಇದು: ಅಳಿಯಂದಿರು ನಡುಮನೆಗೆ ಬಂದರು.

ನೋಡು, ಅಷ್ಟೇ ಕಾರಣ. ಅವರು ಒಳಗೆ ಬಂದಾಗ ನಾನು ಕೈಕಟ್ಟಿ ಕೂತಿರುವುದು ಕಾಣಬಾರದೆಂದು ಮೌಸ್ ಒತ್ತಿದ್ದೆ. ಹಿಂದಿನ ಪುಟಗಳನ್ನು ತಿರುವಿ ನೆನಪಿಸಿಕೊಂಡೆ. ಒಂದು ಕಡೆ ನೀನು ಸ್ನಾನ ಮುಗಿಸಿ ಬಂದದ್ದು, ಇನ್ನೊಂದು ಕಡೆ ಪಕ್ಕದ ಮನೆಯಾಕೆ ಇಣುಕಿದ್ದು. ನೆನಪಾದ ಒಂದೊಂದು ನಷ್ಟದ ಹಿಂದೆಯೂ ಯಾರದೋ ಹೆಜ್ಜೆಯ ಸದ್ದು. ನಾನು ಶೇರು ಕೊಳ್ಳುತ್ತಿದ್ದದ್ದು ಲಾಭಕ್ಕಲ್ಲ, ಮರ್ಯಾದೆ ಉಳಿಸಿಕೊಳ್ಳುವುದಕ್ಕೆ. ಐವತ್ತೊಂಬತ್ತು ವರ್ಷದ ಹೆಂಗಸು, ಮಗಳ ಮನೆಯಲ್ಲಿ, ಕೆಲಸ ಮಾಡುತ್ತಿರುವ ಹಾಗೆ ನಾಟಕವಾಡಿ ಕೈ ಸುಟ್ಟುಕೊಂಡಿದ್ದೆ. ನಾಚಿಕೆಯಾಯಿತು, ಆಮೇಲೆ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಯಾಕಮ್ಮಾ ನಗ್ತಿದೀಯ ಎಂದು ನೀನು ಅಡುಗೆಮನೆಯಿಂದ ಕೇಳಿದೆ. ಏನೂ ಇಲ್ಲ ಎಂದೆ.

ಇದು ನೀನು ಕಲಿಸಿದ ಭಯವಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ಅತ್ತೆಯ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಕೈಗೆ ಪೊರಕೆಯೋ ಬಟ್ಟೆಯೋ ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತಿದ್ದೆ. ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದೆ. ಪೊರಕೆಗೆ ದುಡ್ಡು ಹೋಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಎಕ್ಸ್‌ಚೇಂಜಿನಲ್ಲಿ ಮಾತ್ರ ನಾನು ಹೆದರದೆ ಕೂತಿದ್ದೆ. ಎರಡು ಕರೆಗಳ ನಡುವೆ ಕಿವಿಗೆ ಯಂತ್ರ ಹಾಕಿಕೊಂಡು ಸುಮ್ಮನೆ ಕೂರುವುದಕ್ಕೂ ಸರ್ಕಾರ ಸಂಬಳ ಕೊಡುತ್ತಿತ್ತು. ರೋಗಿಗಳಿಲ್ಲದಾಗ ಪೇಪರ್ ಓದುವ ಡಾಕ್ಟರಿಗೆ, ಡಾಕ್ಟರೇ ಸ್ವಲ್ಪ ಹಾಲು ನೋಡ್ಕೊಳ್ಳಿ ಎಂದು ಯಾರಾದರೂ ಹೇಳುತ್ತಾರೆಯೇ. ನನಗೂ ಇನ್ನು ಯಾರೂ ಹೇಳಕೂಡದು.

ನಿನ್ನ ಸೋದರಮಾವನ ಮನೆಯಲ್ಲಿ ಹತ್ತು ದಿನ ಇದ್ದೆ. ಅವನ ಹಾರ್ಡ್‌ವೇರ್ ಅಂಗಡಿಯ ಹಿಂದಿನ ಕೋಣೆ, ಇಂಟರ್ನೆಟ್ಟು ಚೆನ್ನಾಗಿತ್ತು. ಮೊದಲ ಎರಡು ದಿನ ನನ್ನ ಬೆನ್ನ ಹಿಂದೆ ನಿಂತು ಇದು ಜೂಜು ಅಕ್ಕಾ, ನಮ್ಮ ಮನೆತನಕ್ಕೆ ಹೇಳಿಸಿದ್ದಲ್ಲ ಎಂದು ಉಪದೇಶ ಮಾಡಿದ. ಮೂರನೇ ದಿನ ಬಾಗಿಲು ಮುಂದೆ ಮಾಡಿಕೊಂಡು ಬಂದು, ಯಾವುದು ಕೊಂಡ್ರೆ ಒಳ್ಳೇದು ಎಂದು ಪಿಸುಗುಟ್ಟಿದ. ನಾನು ಹೇಳಲಿಲ್ಲ. ಅವನೇ ನನ್ನ ಪರದೆ ನೋಡಿ ಏನೋ ಕೊಂಡ. ಅಲ್ಲಿಂದ ಅರ್ಧ ಗಂಟೆಗೊಮ್ಮೆ ಮೊಳೆಯ ಡಬ್ಬಿ ಕೈಯಲ್ಲಿ ಹಿಡಿದೇ ಬಂದು ಏನಾಯ್ತಕ್ಕಾ, ಏನಾಯ್ತಕ್ಕಾ ಎನ್ನತೊಡಗಿದ. ನನ್ನ ತಲೆ ಚಿಟ್ಟುಹಿಡಿದು ಪೆಟ್ಟಿಗೆ ಕಟ್ಟಿದೆ.

ಅಲ್ಲಿಂದ ಬೆಟ್ಟದ ಮೇಲಿನ ಒಂದು ಊರಿಗೆ ಹೋದೆ. ಟ್ರೇಡಿಂಗ್ ಮಾಡುವವರೇ ಸೇರಿ ಬಾಡಿಗೆಗೆ ಹಿಡಿದ ಮನೆ ಅದು, ಒಂದೊಂದು ಮೇಜಿಗೆ ನಾಲ್ಕು ನಾಲ್ಕು ಪರದೆ. ಇದ್ದವರೆಲ್ಲ ನಿನಗಿಂತ ಚಿಕ್ಕವರು, ಒಳ್ಳೆಯ ಹುಡುಗರು, ನನ್ನನ್ನು ಮೇಡಂ ಎನ್ನುತ್ತಿದ್ದರು. ಕಿಟಕಿ ತೆಗೆದರೆ ಮೋಡ. ಅಳಿಯಂದಿರ ಪಟ್ಟಿಯಲ್ಲಿ ಇದಕ್ಕೆ ಹವೆಯಲ್ಲಿ ಒಂಬತ್ತು ಅಂಕ, ಸುಳ್ಳಲ್ಲ. ಆದರೆ ಒಬ್ಬನಿಗೆ ಲಾಭ ಬಂದರೆ ಮನೆಯೆಲ್ಲ ಕೂಗು. ಏನೂ ಕೊಳ್ಳದೆ ಕೂತವರನ್ನು, ಹೆದರಿಕೆಯೇ ಮೇಡಂ ಎಂದು ಕೇಳುತ್ತಿದ್ದರು. ಎರಡನೇ ದಿನಕ್ಕೆ ನಾನೂ ಹುಮ್ಮಸ್ಸಿಗೆ ಬಿದ್ದು ಒಂಬತ್ತು ಸಲ ಕೊಂಡು ಮಾರಿದೆ. ಅಲ್ಲಿ ಸುಮ್ಮನೆ ಕೂರುವುದು ಹೇಡಿತನ, ನಿಮ್ಮ ಮನೆಯಲ್ಲಿ ಸೋಮಾರಿತನ. ನಾಲ್ಕನೇ ದಿನ ಅವರಿಗೆಲ್ಲ ಶುಭವಾಗಲಿ ಎಂದು ಹೇಳಿ ಬೆಟ್ಟ ಇಳಿದೆ.

ಈಗ ನಾನಿರುವ ಕೋಣೆ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿದೆ. ಒಂದು ಮಂಚ, ಒಂದು ಒಲೆ, ಗೋಡೆಗೆ ಮುಖ ಮಾಡಿದ ಮೇಜು. ಕೆಳಗೆ ಮಂಡಿನೋವು, ಬೆನ್ನುನೋವಿಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮನ ಕ್ಲಿನಿಕ್ಕು, ಕಟ್ಟಡ ಆಕೆಯದೇ. ಮುಂಗಡ ಕೊಡಲು ಹೋದಾಗ ನೋಡಿದೆ, ಸಾಲಾಗಿ ನಾಲ್ಕು ಮಂಚ, ನಾಲ್ಕು ಜನ ದಿಂಬಿನ ಮೇಲೆ ಕಾಲಿಟ್ಟು ಚಾವಣಿ ನೋಡುತ್ತ ಮಲಗಿದ್ದಾರೆ. ಹತ್ತು ನಿಮಿಷ ಅಲ್ಲಾಡಕೂಡದು ಎಂದು ಡಾಕ್ಟರಮ್ಮ ಗದರಿಸುತ್ತಿದ್ದರು. ದುಡ್ಡು ಕೊಟ್ಟು ಸುಮ್ಮನೆ ಮಲಗುವ ಜಾಗ ಎಂದು ನನಗೆ ಆ ಕ್ಷಣವೇ ಮನಸ್ಸು ಬಂತು. ನೀವೇನು ಮಾಡ್ತೀರಿ ಎಂದು ಕೇಳಿದರು. ಬೆಳಿಗ್ಗೆಯಿಂದ ಮೂರೂವರೆ ತನಕ ಕೂತಿರ್ತೀನಿ ಎಂದೆ. ಹಾಗಾದ್ರೆ ಬೆನ್ನಿಗೊಂದು ದಿಂಬು ಇಟ್ಕೊಳ್ಳಿ ಎಂದರು, ಬೇರೇನೂ ಕೇಳಲಿಲ್ಲ.

ಇಲ್ಲಿಗೆ ಬಂದು ಇಪ್ಪತ್ತೈದು ದಿನ. ಇಂಟರ್ನೆಟ್ಟು ನಿಮ್ಮ ಮನೆಯಷ್ಟು ವೇಗವಿಲ್ಲ. ಸ್ನಾನದ ನೀರು ಉಗುರುಬೆಚ್ಚಗಾಗುವುದಕ್ಕೇ ಅರ್ಧ ಗಂಟೆ. ಅಂಕ ಹಾಕಿದರೆ ಹತ್ತಕ್ಕೆ ನಾಲ್ಕು ಬಂದರೆ ಹೆಚ್ಚು. ಆದರೆ ಮೊನ್ನೆ ಇಡೀ ದಿನ ಒಂದು ಶೇರನ್ನೂ ಮುಟ್ಟದೆ ಕೈಕಟ್ಟಿ ಕೂತಿದ್ದೆ, ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಕೇಳಿಸಿತು, ನನ್ನ ಕೈ ಮೌಸಿನ ಕಡೆ ಹೋಗಲಿಲ್ಲ. ಎಷ್ಟು ಸಂತೋಷವಾಯಿತೆಂದರೆ ಎದ್ದು ಕಾಫಿ ಮಾಡಿಕೊಂಡು ಕುಡಿದೆ.

ಜನ ಏನಂದುಕೊಳ್ಳುತ್ತಾರೆ ಎಂದು ನೀನು ಕೇಳಿಯೇ ಕೇಳುತ್ತೀಯ. ಮಗಳ ಜೊತೆ ಜಗಳವಾಡಿ ಹೋದಳು ಎನ್ನಲಿ. ಮುದುಕಿಗೆ ದುಡ್ಡಿನ ಹುಚ್ಚು ಎನ್ನಲಿ. ಮೊಮ್ಮಗಳನ್ನು ನೋಡಿಕೊಳ್ಳಲಾರದ ಕಲ್ಲುಮನಸ್ಸಿನವಳು ಎನ್ನಲಿ. ಅಂದವರು ಯಾರೂ ನನ್ನ ಬಾಡಿಗೆ ಕೊಡುವುದಿಲ್ಲ. ಶೇರೋ ನಾವೋ ಎಂದು ಕೇಳಿದ್ದೀಯಲ್ಲ, ಅದು ಪ್ರಶ್ನೆಯೇ ಅಲ್ಲ. ನಿನ್ನ ಆಫೀಸೋ ನಿನ್ನ ಮಗಳೋ ಎಂದು ನಿನ್ನನ್ನು ಯಾರಾದರೂ ಕೇಳಿದರೆ ಅವರ ಮುಖಕ್ಕೆ ಬಾಗಿಲು ಹಾಕುತ್ತೀಯ. ನಿನಗೆ ಹಾಗೆ ಬಾಗಿಲು ಹಾಕಲು ಕಲಿಸಿದವಳು ನಾನೇ. ಈಗ ನನ್ನ ಬಾಗಿಲನ್ನು ನಾನು ಹಾಕಿಕೊಂಡರೆ ನೀನು ಅಳಬಾರದು, ಬೈಯಲೂಬಾರದು.

ನೀನು ಫೋನ್ ಎತ್ತದಿದ್ದರೆ ನನಗೆ ನೋವಾಗುವುದಿಲ್ಲ ಎಂದಲ್ಲ. ಬಹಳ ನೋವಾಗುತ್ತದೆ. ದಿನಾ ಮೂರೂವರೆಗೆ ಪರದೆ ಆರಿಸಿದ ಕೂಡಲೇ ನಿನಗೆ ಫೋನ್ ಮಾಡುತ್ತೇನೆ, ಹನ್ನೆರಡು ಸಲ ರಿಂಗಾಗುವವರೆಗೆ ಎಣಿಸಿ ಇಡುತ್ತೇನೆ. ಆದರೂ ನೋವಾಗುತ್ತದೆಂದು ಬಂದುಬಿಟ್ಟರೆ, ಬಂದ ಮಾರನೇ ದಿನದಿಂದ ಮತ್ತೆ ನಿನ್ನ ಹೆಜ್ಜೆಯ ಸದ್ದಿಗೆ ಬೆಚ್ಚುವವಳಾಗುತ್ತೇನೆ. ಮಗಳ ಹೆಜ್ಜೆಗೆ ಬೆಚ್ಚುವ ಅಮ್ಮ ನಿನಗೂ ಬೇಡ. ನಾನು ಗಟ್ಟಿಯಾಗಿ ಹೇಳುತ್ತಿದ್ದೇನೆ, ಬರುವುದಿಲ್ಲ.

ಅಳಿಯಂದಿರಿಗೆ ಅವರ ಪಟ್ಟಿ ಜೋಪಾನವಾಗಿದೆ ಎಂದು ಹೇಳು. ಮರಿಗೆ ಮುತ್ತು.

ನಿನಗೆ ಬಗ್ಗದ, ನಿನ್ನನ್ನು ಬಿಡದ,
ಅಮ್ಮ

ತಾ.ಕ.: ಲಕೋಟೆಯ ಮೇಲೆ ನನ್ನ ವಿಳಾಸ ಬರೆದಿಲ್ಲ, ಬರೆದರೆ ನೀನು ಈ ಕಾಗದ ಓದುವ ಮೊದಲೇ ಜಗಳಕ್ಕೆ ಬರುತ್ತೀಯ. ಈಗ ಬರೆಯುತ್ತೇನೆ. ನೀನು ಆಫೀಸಿಗೆ ಬಸ್ ಹತ್ತುವ ಸ್ಟಾಪಿನ ಎದುರಿನ ಹಳದಿ ಕಟ್ಟಡ. ನನ್ನ ಮೇಜಿನ ಎಡಗಡೆ ಒಂದು ಕಿಟಕಿ ಇದೆ, ಅದರಲ್ಲಿ ದಿನಾ ಒಂಬತ್ತೂವರೆಗೆ ನೀನು ಕಾಣುತ್ತೀಯ. ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಕೋಣೆಗಳು ಬೇರೆ ಊರುಗಳಲ್ಲಿ ಮೂರು ಸಿಕ್ಕಿದ್ದವು. ಕಳೆದ ಗುರುವಾರ ಸ್ಟಾಪಿನಲ್ಲಿ ನೀನು ಮುಖ ಆಚೆ ತಿರುಗಿಸಿಕೊಂಡು ಅಳುತ್ತಿದ್ದೆ. ನಾನು ಆಗತಾನೇ ಕೊಂಡಿದ್ದೆ. ಅಂಥ ಹೊತ್ತಿನಲ್ಲಿ ಎದ್ದು ಹೋಗುವುದೆಂದರೆ ಒಲೆಯ ಮೇಲೆ ಎಣ್ಣೆ ಕಾಯಲು ಬಿಟ್ಟು ಹೋದ ಹಾಗೆ, ಏಳು ವರ್ಷದಲ್ಲಿ ಒಮ್ಮೆಯೂ ನಾನಾಗಿ ಹಾಗೆ ಎದ್ದಿರಲಿಲ್ಲ. ಎದ್ದು, ಚಪ್ಪಲಿಯನ್ನೂ ಹಾಕದೆ ಎರಡು ಮಹಡಿ ಇಳಿದು ಓಡಿ ಬಂದೆ. ಬಸ್ಸು ನಿನ್ನನ್ನು ಕರೆದುಕೊಂಡು ಹೋಗಿತ್ತು. ವಾಪಸ್ಸು ಬರುವಷ್ಟರಲ್ಲಿ ಆ ತಿಂಗಳ ಸಂಪಾದನೆ ಪೂರ್ತಿ ಹೋಗಿತ್ತು. ಯಾಕೆ ಅಳುತ್ತಿದ್ದೆ ಎಂದು ಕೇಳುವುದಿಲ್ಲ, ನೀನಾಗಿ ಹೇಳಿದರೆ ಕೇಳುತ್ತೇನೆ. ಮೂರೂವರೆಯ ಮೇಲೆ ಯಾವಾಗ ಬೇಕಾದರೂ ಬಾ, ಬೆಲ್ ಕೆಟ್ಟಿದೆ, ಬಾಗಿಲು ಬಡಿ. ಅದಕ್ಕೆ ಮೊದಲು ಯಾರು ಬಡಿದರೂ ನಾನು ತೆಗೆಯುವುದಿಲ್ಲ, ನೀನಾದರೂ ಸರಿ. ಅಳು ಬಂದಾಗ ಮಾತ್ರ ಗಂಟೆ ನೋಡಬೇಡ.