ಅಂಟಿಸಿದ ಹಾಳೆಗಳು

ಜೂನ್ ೩, ಸೋಮವಾರ

ಬೆರಳಿನ ಗೋಂದು ತೊಳೆದು ಎರಡು ತಿಂಗಳಾಯಿತು. ಇವತ್ತು ಮತ್ತೆ ಅಂಟಂಟು ಅನ್ನಿಸುತ್ತಿದೆ.

ಎಂಟನೇ ತರಗತಿಯವರ ರಜೆಯ ಓದಿಗೆಂದು, ಹುಡುಗಿಯೊಬ್ಬಳು ದೊಡ್ಡವಳಾಗುವ ಆ ಕಾದಂಬರಿಯನ್ನು ಆರಿಸಿದವಳು ನಾನೇ. ಅವಳು ಮೊದಲ ಸಲ ಮುಟ್ಟಾಗುವ ಎರಡು ಪುಟಗಳನ್ನು ಕಂಡು ಹೆದರಿದವಳೂ ನಾನೇ. ಯಾರೂ ಏನೂ ಹೇಳಿರಲಿಲ್ಲ. ಪೋಷಕರು ಗಲಾಟೆ ಮಾಡಿಯಾರೆಂದು ಗ್ರಂಥಾಲಯದ ಐದೂ ಪ್ರತಿಗಳಲ್ಲಿ ಆ ಎದುರುಬದುರು ಪುಟಗಳನ್ನು ಅಂಟಿಸಿಬಿಟ್ಟೆ. ಇಪ್ಪತ್ತು ವರ್ಷ ಹರಿದ ಪುಸ್ತಕ ಸರಿಮಾಡಿದ ಕೈ, ಗೊತ್ತೇ ಆಗದಂತೆ ಅಂಟಿಸಿತು.

ಇವತ್ತು ಶಾಲೆ ಶುರು. ದನಿಯೇ ಏಳದ ಹುಡುಗಿ, ನಮ್ಮ ಇಲಿಮರಿ, ಪುಸ್ತಕ ಹಿಂದಿರುಗಿಸಲು ಬಂದಳು.

“ಮೇಡಂ, ಎರಡು ಹಾಳೆ ಅಂಟ್ಕೊಂಡಿದ್ವು. ಬಿಸಿನೀರಿನ ಹಬೆಗೆ ಹಿಡಿದು ಬಿಡಿಸ್ದೆ. ಒಂಚೂರೂ ಹರಿದಿಲ್ಲ, ನೋಡಿ.”

ಆಮೇಲೆ ಮೇಜಿನ ಅಂಚು ಕೆರೆಯುತ್ತ ಹೇಳಿದಳು: “ರಜೇಲಿ ನಂಗೂ ಹಾಗೇ ಆಯ್ತು. ಮನೇಲಿ ಅಪ್ಪ ಒಬ್ರೇ ಅಲ್ವಾ? ಏನೋ ಕಾಯಿಲೆ ಅಂತ ಮೂರು ದಿನ ಯಾರ್ಗೂ ಹೇಳ್ದೆ ಅಳ್ತಿದ್ದೆ. ಆ ಹಾಳೆ ಬಿಡಿಸಿದ್ಮೇಲೇ ಜೀವ ಬಂತು.”

“ಹಳೇ ಪುಸ್ತಕ ಕಣೇ, ಹಾಗಾಗತ್ತೆ,” ಎಂದೆ. ನಾಲಿಗೆ ತಡವರಿಸಲೂ ಇಲ್ಲ.

“ಬೇರೆ ಪುಸ್ತಕಾನೂ ಹಾಗಾಗಿದ್ರೆ ಹೇಳಿ ಮೇಡಂ, ನಾನೇ ಬಿಡಿಸಿಕೊಡ್ತೀನಿ.”

ಉಳಿದ ನಾಲ್ಕೂ ವಾಪಸ್ ಬಂದಿವೆ, ಅಂಟಿಸಿದ್ದು ಅಂಟಿಸಿದ ಹಾಗೇ. ಆ ನಾಲ್ವರಲ್ಲಿ ಯಾರು ಅತ್ತರೋ.

ಪುಸ್ತಕಗಳನ್ನು ಮನೆಗೆ ತಂದು ಈಗಷ್ಟೇ ಹಬೆಗೆ ಹಿಡಿದೆ. ಮೊದಲನೆಯದೇ ಪರ್ರೆಂದು ಹರಿಯಿತು. ನಾಳೆ ಅವಳನ್ನೇ ಕರೆಯಬೇಕು. ಕರೆದರೆ ಅಂಟಿಸಿದವರು ಯಾರೆಂದು ಹೇಳಬೇಕು. ಹೇಳುವಾಗ ಅವಳ ಮುಖ ಹೇಗೆ ನೋಡಲಿ?