ಗುತ್ತೆವ್ವನ ಮಾತು ಮುಗಿಯುವ ಮೊದಲು

ತೊಟ್ಟಿನ ಓಣಿ, ಬ್ಯಾಡಗಿ
2176ನೇ ಇಸವಿ, ಫೆಬ್ರವರಿ 30, ಶುಕ್ರವಾರ

ಮುಕ್ಕಾಲಿ ಚಿತ್ರಬಳಗದ ಚಂಪಾವತಿ ಅಗಡಿ, ಮೌನೇಶ ಬಡಿಗೇರ, ಶಮೀಮ್‌ಬಾನು ಹಾನಗಲ್ ಅವರಿಗೆ,

ನಿಮ್ಮ ಲೆಕ್ಕದಲ್ಲಿ ನಾಳೆ, ಸೋಮವಾರ ಬೆಳಿಗ್ಗೆ ನೀವು ಹೆಂಗಸರ ನಲವತ್ತೊಂದು ಗಂಟೆಗಳ ಮಾತನ್ನು ಅಳಿಸಲಿದ್ದೀರಿ. ಟೀವಿಯವರಿಗೆ ನಿಮ್ಮ ಬಗ್ಗೆ ನೀವೇ ಮಾತಾಡುವ ದೃಶ್ಯಗಳನ್ನು ತುಂಬಿಕೊಡಲು ಹಾರ್ಡ್ ಡಿಸ್ಕಿನಲ್ಲಿ ಜಾಗ ಬೇಕೆಂದು ಅಳಿಸಲಿದ್ದೀರಿ. ಇದು ಅನ್ಯಾಯ. ಇಷ್ಟನ್ನು ಮೊದಲು ಹೇಳಿಬಿಟ್ಟರೆ ಮಾತ್ರ ನನಗೆ ನಿಮ್ಮೊಡನೆ ಸಮಾಧಾನದಿಂದ ಮಾತಾಡಲು ಆಗುತ್ತದೆ. ಈಗ ನಮಸ್ಕಾರ.

ಮೇಲಿನ ತಾರೀಖು ನೋಡಿ ಪತ್ರ ಹರಿದುಹಾಕಬೇಡಿ. ಎಲ್ಲ ತಿಂಗಳಿಗೂ ಮೂವತ್ತು ಇರುವಾಗ ಅದೊಂದಕ್ಕೆ ಯಾಕೆ ಕಡಿಮೆ ಎಂದು ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ನಮ್ಮಲ್ಲಿ ತೊಂಬತ್ತು ವರ್ಷಗಳಾದವು. ವಾರಗಳು ಮಾತ್ರ ಬದಲಾಗಿಲ್ಲ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮಗೆ ಇನ್ನೂ ಆಗದಿರುವುದು ನನಗೆ ಆಗಿ ನೂರೈವತ್ತು ವರ್ಷವಾಗಿರುವುದರಿಂದ 'ಮಾಡುತ್ತೀರಿ' ಎನ್ನಬೇಕಾದಲ್ಲಿ 'ಮಾಡಿದಿರಿ' ಎಂದು ಬರೆದುಬಿಡುತ್ತೇನೆ. ಇಂಥ ಪತ್ರವನ್ನು ನಾವು ಹಿಂದೋಲೆ ಎನ್ನುತ್ತೇವೆ. ಹತ್ತೊಂಬತ್ತು ತುಂಬಿದ ಪ್ರತಿಯೊಬ್ಬರೂ ಹಿಂದಿನ ಕಾಲದ ಯಾರಿಗಾದರೂ ಒಂದೇ ಒಂದು ಪತ್ರ ಬರೆಯಬಹುದು. ಅದು ಮುಟ್ಟುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬರೆಯುವುದು ಕಲಿಯಲಿ ಎಂದು ಇಟ್ಟ ಪದ್ಧತಿ ಎನ್ನುತ್ತಾರೆ ನಮ್ಮ ಮಾಸ್ತರು. ನಾನು ಹಾಗೆ ನಂಬುವುದಿಲ್ಲ. ಮುಟ್ಟುತ್ತದೆಂದೇ ಬರೆಯುತ್ತಿದ್ದೇನೆ, ಭಾನುವಾರ ನಿಮ್ಮ ಕೈ ಸೇರಲಿ ಎಂದು.

ನನ್ನ ಹೆಸರು ಹುಲಿಗೆವ್ವ. ನಿಮ್ಮ ಚಿತ್ರದಲ್ಲಿ ಹನ್ನೊಂದು ಸೆಕೆಂಡು ಮಾತಾಡಿದ ಗುತ್ತೆವ್ವ ನನ್ನ ಮುತ್ತಜ್ಜಿಯ ಮುತ್ತಜ್ಜಿ. ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಇದ್ದ ಓಣಿಯಾದ್ದರಿಂದ ನಮ್ಮದು ತೊಟ್ಟಿನ ಓಣಿ. ಈಗ ಯಾರೂ ಆ ಕೆಲಸ ಮಾಡುವುದಿಲ್ಲ. ಒಣಗಿದೊಡನೆ ತೊಟ್ಟು ತಾನೇ ಉದುರುವ ತಳಿ ಬಂದಿದೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಬಿಸಿಲಿಗೆ ಯಾರೂ ಹೊರಗೆ ಬರುವಂತಿಲ್ಲ. ಆ ಹೊತ್ತಿಗೆ ಓಣಿಯ ಈ ಮಾಳಿಗೆಯಿಂದ ಆ ಮಾಳಿಗೆಗೆ ಎಳೆದು ಕಟ್ಟಿದ ನೆರಳುಬಟ್ಟೆಯ ಕೆಳಗೆ ಎಲ್ಲರೂ ಸೇರುತ್ತೇವೆ: ಒಬ್ಬರು ರೊಟ್ಟಿ ಬಡಿಯುತ್ತಾರೆ, ಒಬ್ಬರು ಮಕ್ಕಳ ತಲೆ ಬಾಚುತ್ತಾರೆ, ಮುದುಕರು ಜಗಳ ಕಾಯುತ್ತಾರೆ. ನಮ್ಮ ಓಣಿಯಲ್ಲಿ ಹೆಸರಿಡುವ ದಿನ ತಾಯಿ ಕೂಸನ್ನು ಮೊದಲ ಸಲ ಮೊಣಕೈಗಳಿಂದಲೇ ಎತ್ತಿಕೊಳ್ಳಬೇಕು, ಅಂಗೈ ತಾಗಬಾರದು. ಯಾಕೆ ಎಂದು ಕೇಳಿದರೆ ಹಿಂದಿನಿಂದ ಬಂದದ್ದು ಎನ್ನುತ್ತಿದ್ದರು. ಆ 'ಯಾಕೆ' ನನಗೆ ಸಿಕ್ಕಿದ್ದು ನಿಮ್ಮ ಚಿತ್ರದಲ್ಲಿ.

ಆ ಚಿತ್ರ ನನಗೆ ಸಿಕ್ಕಿದ್ದು ಕೇಳುಮನೆಯಲ್ಲಿ. ಹಳೆಯ ದನಿಗಳನ್ನೂ ಕಾಗದಗಳನ್ನೂ ಇಟ್ಟಿರುವ ಊರಿನ ಮನೆ ಅದು. ಅಲ್ಲಿನ ನೆಲಮಾಳಿಗೆಯಲ್ಲಿ ಕರಪತ್ರಗಳ ಆರು ಪೆಟ್ಟಿಗೆಗಳಿವೆ. ನಾನು ಶಾಲೆಯಲ್ಲಿ ಓದಿದ್ದು ಕಡಿಮೆ, ಆ ಪೆಟ್ಟಿಗೆಗಳಲ್ಲಿ ಓದಿದ್ದೇ ಹೆಚ್ಚು. ಕೂಲಿ ಹೆಚ್ಚಿಸಿ, ತೊಟ್ಟು ಬಿಡಿಸುವ ಅಂಗಳಕ್ಕೆ ನೀರು ಕೊಡಿ, ಬಾಣಂತಿಗೆ ರಜೆ ಕೊಡಿ ಎಂದು ಯಾರು ಯಾರೋ ನಾಲ್ಕು ಪುಟಗಳಲ್ಲಿ ಕೂಗಿದ್ದನ್ನು ಓದಿ ಓದಿ ನನಗೂ ಕೂಗಿಯೇ ಬರೆಯುವ ಚಟ ಹತ್ತಿದೆ. ನಾಲ್ಕನೇ ಪೆಟ್ಟಿಗೆಯ ತಳದಲ್ಲಿ ನಿಮ್ಮದೊಂದು ಕರಪತ್ರವಿತ್ತು. 'ನಾವು ಅಳಿಸಿದೆವು' ಎಂದು ಅದರ ತಲೆಬರಹ. ಜೊತೆಗೆ ಶಮೀಮ್ ಅವರ ನೋಟ್‌ಬುಕ್ ಮತ್ತು ನಿಮ್ಮ ಇಪ್ಪತ್ತಾರು ನಿಮಿಷದ ಚಿತ್ರ 'ತೊಟ್ಟು'.

ಚಿತ್ರದ ಹದಿನಾಲ್ಕನೇ ನಿಮಿಷದಲ್ಲಿ ಒಬ್ಬ ಹೆಂಗಸು ಕೆಂಪು ರಾಶಿಯ ಪಕ್ಕ ಕೂತು, ಮೂಗಿಗೆ ಕಟ್ಟಿದ ಸೆರಗು ಇಳಿಸಿ ಹೇಳುತ್ತಾಳೆ: "ನಮ್ಮ ಕೂಸಿನ್ನ ನಾವು ಮೊಣಕೈಲೆ ಎತ್ತಿಕೊಂತೀವ್ರಿ. ಕೈ ಹಚ್ಚಿದ್ರ ಉರಿ ಹತ್ತಿ ದಿನಾಪೂರ್ತಿ ಅಳತೈತಿ. ಎಲ್ಲಾರೂ ಪಾಪ ಅಂತಾರ. ಆದ್ರ ಒಂದ್ ಮಾತ ಹೇಳ್ತೀನಿ ಕೇಳ್ರಿ ಯಕ್ಕಾ…" ಅಲ್ಲಿಗೆ ಕತ್ತರಿ. ಅವಳ ಬಾಯಿ ತೆರೆದೇ ಇದೆ, ನಿಮ್ಮ ಚಿತ್ರದ ನಿರೂಪಣೆ ಶುರುವಾಗುತ್ತದೆ. ಕೆಳಗೆ ಹೆಸರೂ ಇಲ್ಲ, 'ಕಾರ್ಮಿಕ ಮಹಿಳೆ' ಎಂದಷ್ಟೇ. ಹೆಸರು ಗುತ್ತೆವ್ವ ಎಂದು ತಿಳಿದದ್ದು ನೋಟ್‌ಬುಕ್ಕಿನಿಂದ. ಅದನ್ನು ನಾನು ಓಣಿಯಲ್ಲಿ ತೋರಿಸಿದ ಮೇಲೆ ಆ ಅರ್ಧ ಮಾತು ನಮ್ಮೆಲ್ಲರ ಬೆನ್ನು ಹತ್ತಿದೆ. ಮಕ್ಕಳು ಅದನ್ನೇ ಆಟ ಮಾಡಿಕೊಂಡಿದ್ದಾರೆ. "ಆದ್ರ ಒಂದ್ ಮಾತ ಹೇಳ್ತೀನಿ ಕೇಳ್ರಿ ಯಕ್ಕಾ, ನಿಮ್ಮ ಕ್ಯಾಮೆರಾದಾಗ ನನ್ನ ಮೂಗು ಡೊಂಕ ಕಾಣತೈತೇನು?" ಎಂದು ಒಬ್ಬಳು ಮುಗಿಸಿದರೆ, ಇನ್ನೊಬ್ಬ, "ನೀವೂ ಒಂದ್ ಸ್ವಲ್ಪ ಕುಂತು ತೊಟ್ಟು ಮುರೀರಿ, ಬರೇ ನೋಡಕೋತ ನಿಂತೀರಿ!" ಎನ್ನುತ್ತಾನೆ. ನಗುತ್ತೇವೆ. ನಕ್ಕ ಮೇಲೆ ಯಾರಾದರೂ ಒಬ್ಬರು ಆ ಹನ್ನೊಂದು ಸೆಕೆಂಡನ್ನು ಮತ್ತೊಮ್ಮೆ ಹಾಕಿ ಕೇಳುತ್ತಾರೆ.

ನಿಮ್ಮ ಸೋಮವಾರ ಹೇಗಿತ್ತು ಎಂದು ನನಗೆ ಗೊತ್ತು. ರಾಣೇಬೆನ್ನೂರಿನಲ್ಲಿ ಟೈಲರ್ ಅಂಗಡಿಯ ಮೇಲಿನ ನಿಮ್ಮ ಕೋಣೆ. ಎಲ್ಲೋ ದೂರದ ಊರಿನಲ್ಲಿ ಚಿತ್ರಕ್ಕೆ ಬಹುಮಾನ ಬಂದಿತ್ತು. ಏಳು ವರ್ಷ ಒಬ್ಬ ಪತ್ರಕರ್ತನೂ ಹತ್ತದ ಮೆಟ್ಟಿಲು ಹತ್ತಿ ಟೀವಿಯವರು ಬರುವವರಿದ್ದರು. ನೀವು ಎಡಿಟ್ ಮಾಡುವುದು, ಮೆಣಸಿನಕಾಯಿ ರಾಶಿಗಳ ನಡುವೆ ನಡೆಯುವುದು, ಕಷ್ಟಪಟ್ಟದ್ದನ್ನು ಹೇಳುವುದು, ಇವನ್ನೆಲ್ಲ ನೀವೇ ಶೂಟ್ ಮಾಡಿ ಇಡಿ, ಮಂಗಳವಾರ ಹನ್ನೊಂದಕ್ಕೆ ಬಂದು ಒಯ್ಯುತ್ತೇವೆ ಎಂದಿದ್ದರು. ಡಿಸ್ಕ್ ತುಂಬಿತ್ತು. ಶಮೀಮ್ ಆ ಬೆಳಗಿನ ಮಾತನ್ನು ಹಾಗೇ ಬರೆದಿಟ್ಟಿದ್ದಾರೆ.

ಮೌನೇಶ ಹೇಳಿದರು: "ಸಿನಿಮಾ ಮುಗದೈತಿ, ಬಹುಮಾನನೂ ಬಂದೈತಿ. ಇನ್ನ ಹಳೇ ಶೂಟಿಂಗ್ ಇಟ್ಕೊಂಡು ಉಪ್ಪಿನಕಾಯಿ ಹಾಕೂದೈತೇನು?"

ಶಮೀಮ್ ಹೇಳಿದರು: "ಎರಡನೇ ಕಾಪಿ ಇದ್ದ ಡಿಸ್ಕ್ ಕೆಟ್ಟು ಮೂರು ತಿಂಗಳಾತು ಅಣ್ಣಾ. ಇದೊಂದ ಉಳದೈತಿ."

ಚಂಪಾವತಿ ಕನ್ನಡಿಯ ಮುಂದೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದರಂತೆ. "ಒಮ್ಮೆರ ನಮ್ಮನ್ನ ನಾಕು ಮಂದಿ ನೋಡ್ಲಿ ಶಮೀಮ್. ಆಮ್ಯಾಲೆ ಮತ್ತ ಶೂಟ್ ಮಾಡೂಣು. ಗುತ್ತೆವ್ವ ಎಲ್ಲಿಗೆ ಹೊಕ್ಕಾಳ?"

ಗುತ್ತೆವ್ವ ಎಲ್ಲಿಗೂ ಹೋಗಲಿಲ್ಲ. ಅವಳ ದನಿ ಹೋಯಿತು. ಮುಂದಿನ ಸುಗ್ಗಿಯ ಹೊತ್ತಿಗೆ ಘಾಟು ಗಂಟಲಿಗೆ ಇಳಿದು, ಕೆಮ್ಮಿ ಕೆಮ್ಮಿ, ಉಳಿದದ್ದು ಬರೀ ಉಸಿರಿನಂಥ ಸದ್ದು. ಅದಕ್ಕೂ ಮೊದಲು ಟೀವಿಯಲ್ಲಿ ನೀವು ಎರಡೂವರೆ ನಿಮಿಷ ಬಂದಿರಿ. ಮೂವರೂ ಕೆಂಪು ರಾಶಿಗಳ ನಡುವೆ ನಿಧಾನವಾಗಿ ನಡೆದಿರಿ, ಹಿನ್ನೆಲೆಯಲ್ಲಿ ಕೊಳಲು. ಓಣಿಯ ಹೆಂಗಸರೆಲ್ಲ ಒಂದೇ ಮನೆಯಲ್ಲಿ ಕಿಕ್ಕಿರಿದು ಕೂತು ನೋಡಿದರು. ಮುಗಿದ ಮೇಲೆ ಗುತ್ತೆವ್ವ ಹೇಳಿದಳಂತೆ: "ನಮ್ಮ ಮೆಣಸಿನಕಾಯಿ ಬಂತು, ನಾವ್ ಬರ್ಲಿಲ್ಲ. ಬಿಡ್ರಿ, ಚಂಪಕ್ಕನ ಸೀರಿ ಛಲೋ ಇತ್ತು."

ಮರುವರ್ಷ ಶಮೀಮ್ ಮೈಕು ಹಿಡಿದು ಅವಳ ಮನೆಗೆ ಹೋದರು. ಅವತ್ತು ಹೇಳಿದ್ದನ್ನು ಮತ್ತೊಮ್ಮೆ ಹೇಳು ಎಂದರು. ಗುತ್ತೆವ್ವ ಪಿಸುದನಿಯಲ್ಲಿ ಕೇಳಿದ್ದು ಒಂದೇ ಮಾತು: "ಆವಾಗ ಹೇಳಿದ್ನಲ್ಲಾ, ಕೇಳಲಿಲ್ಲೇನು ತಂಗಿ?" ಶಮೀಮ್ ಕೇಳಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎರಡು ಗಂಟೆ ಅವಳ ಎದುರಿಗೇ ಕೂತಿದ್ದರು. ಆದರೆ ನೆನಪಿರಲಿಲ್ಲ. 'ನನ್ನ ಕಣ್ಣು ಮೀಟರಿನ ಮುಳ್ಳಿನ ಮೇಲಿತ್ತು. ದನಿ ಒಡೆಯದಂತೆ ನೋಡಿಕೊಂಡೆ, ಮಾತು ನೋಡಿಕೊಳ್ಳಲಿಲ್ಲ' ಎಂದು ಬರೆದಿದ್ದಾರೆ. ಆ ಪುಟ ಓದಿದ ದಿನ ನಾನು ನಿಮ್ಮ ಮೇಲೆ ಬಹಳ ಸಿಟ್ಟಾದೆ. ಆಮೇಲೆ ನಿಮ್ಮ ಕರಪತ್ರ ಮತ್ತೊಮ್ಮೆ ಓದಿದೆ. ನಿಮ್ಮನ್ನು ಯಾರೂ ಹಿಡಿದಿರಲಿಲ್ಲ, ಯಾರೂ ಕೇಳಿರಲಿಲ್ಲ. ನೀವಾಗಿಯೇ ತಪ್ಪನ್ನು ಅಚ್ಚು ಹಾಕಿಸಿ, ಮಾರುಕಟ್ಟೆಯ ಬಾಗಿಲಲ್ಲಿ ನಿಂತು ಹಂಚಿದಿರಿ. ನನ್ನ ಆರು ಪೆಟ್ಟಿಗೆಗಳಲ್ಲಿ ಬೇರೆಯವರ ತಪ್ಪು ಹೇಳುವ ಕರಪತ್ರಗಳು ಸಾವಿರ ಇವೆ, ತಮ್ಮ ತಪ್ಪು ಹೇಳಿದ್ದು ಅದೊಂದೇ. ಅದಕ್ಕೇ ನನ್ನ ಒಂದೇ ಒಂದು ಹಿಂದೋಲೆಯನ್ನು ರಾಜ್ಯ ಆಳಿದವರಿಗಾಗಲಿ, ಯುದ್ಧ ಮಾಡಿದವರಿಗಾಗಲಿ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ಹೆಸರು ಬರಬೇಕೆಂದು ಆಸೆಪಟ್ಟದ್ದು ತಪ್ಪಲ್ಲ. ಹಸಿದವರು ಊಟದ ಕಡೆ ನೋಡುತ್ತಾರೆ. ನಿಮ್ಮ ಕಾಲದಲ್ಲಿ ಜನರ ಗಮನವನ್ನು ಯಾರೋ ಕೆಲವರು ಅಣೆಕಟ್ಟು ಕಟ್ಟಿ ಹಿಡಿದಿಟ್ಟಿದ್ದರು. ಎರಡೂವರೆ ನಿಮಿಷ ಹರಿಯಬಿಟ್ಟರೆ ಸಾಕು, ಅದಕ್ಕಾಗಿ ಒಳ್ಳೆಯವರೂ ಕೈಯಲ್ಲಿದ್ದದ್ದನ್ನು ಚೆಲ್ಲಿ ಬೊಗಸೆ ಒಡ್ಡುತ್ತಿದ್ದರು. ನಮ್ಮಲ್ಲಿ ಗಮನಕ್ಕೆ ಪಾಳಿ ಇದೆ, ಕಾಲುವೆಯ ನೀರಿಗೆ ಇದ್ದ ಹಾಗೆ. ತಿಂಗಳಿಗೆ ಒಂದು ಓಣಿಗೆ ಒಂದು ದಿನ. ಆ ದಿನ ಒಂದು ತಾಸು ಇಡೀ ಊರು ಕೆಲಸ ನಿಲ್ಲಿಸಿ ಆ ಓಣಿಯ ಒಂದು ದನಿಯನ್ನು ಕೇಳುತ್ತದೆ. ಸುತ್ತು ಮುಗಿದು ಮತ್ತೆ ಬರಲು ಇಪ್ಪತ್ಮೂರು ವರ್ಷ ಬೇಕು. ಬರುವ ಮಂಗಳವಾರ ನಮ್ಮ ಓಣಿಯ ಪಾಳಿ. ಗುತ್ತೆವ್ವನ ದನಿಯನ್ನೇ ಕೇಳಿಸೋಣ ಎಂದು ಎಲ್ಲರೂ ಒಪ್ಪಿದ್ದಾರೆ. ನಮ್ಮ ಹತ್ತಿರ ಇರುವುದು ಹನ್ನೊಂದು ಸೆಕೆಂಡು.

ಜಗಳ ಇರುವುದು ಅಲ್ಲಿ. ಈಗ ದನಿ ನೇಯುವ ಯಂತ್ರಗಳಿವೆ. ಹನ್ನೊಂದು ಸೆಕೆಂಡು ತಿನ್ನಿಸಿದರೆ ಅದೇ ಕಂಠದಲ್ಲಿ, ಅದೇ ಕೆಮ್ಮಿನ ಸಮೇತ, ಒಂದು ತಾಸು ಮಾತಾಡಿಸುತ್ತವೆ. ನಿನ್ನೆ ನೆರಳುಬಟ್ಟೆಯ ಕೆಳಗೆ ನಮ್ಮ ಸೋದರತ್ತೆ ಯಲ್ಲೂಬಾಯಿ ಹೇಳಿದಳು: "ಅಕಿ ಏನ್ ಅಂದಿದ್ಲೋ ಯಾರ್ ಕಂಡಾರ? ಯಂತ್ರದ ಕೈಲೆ ಛಲೋದ ಅನಸ್ತೀವಿ ಬಿಡ."

"ಛಲೋದು ಅಂದ್ರ ಯಾರಿಗೆ ಛಲೋದು ಅತ್ತೀ?" ಎಂದೆ.

"ಕೇಳೋರಿಗೆ! ಇಡೀ ಊರು ಬಂದು ಕುಂದರತೈತಿ, ಅರ್ಧ ಮಾತು ಕೇಳಿಸಿ ಮನಿಗೆ ಕಳಸ್ತೀಯೇನು? ಮರ್ಯಾದಿ ಹೊಕ್ಕೈತಿ."

"ಆಕಿ ಬಾಯಿಗೆ ಒಮ್ಮೆ ಕತ್ತರಿ ಹಾಕ್ಯಾರ. ಈಗ ನಾವು ಆಕಿ ಬಾಯಾಗ ನಮ್ಮ ಮಾತು ತುರಕೋದು ಬ್ಯಾಡ."

"ಕರಪತ್ರ ಓದಿ ಓದಿ ಇದಕ್ಕ ತಲಿ ಕೆಟ್ಟೈತಿ" ಎಂದಳು ಅತ್ತೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೂ ಕೊನೆಗೆ ಅವಳೇ ನನ್ನ ಪರವಾಗಿ ಕೈ ಎತ್ತಿ, ಮಂಗಳವಾರದವರೆಗೆ ಯಂತ್ರ ಮುಟ್ಟುವುದು ಬೇಡ ಎಂದು ಗಡುವು ಕೊಡಿಸಿದಳು. ಅಷ್ಟರೊಳಗೆ ಗುತ್ತೆವ್ವನ ಸ್ವಂತ ಮಾತು ಸಿಗಬೇಕು. ಸಿಗದಿದ್ದರೆ ಆ ಸಂಜೆ ಯಂತ್ರ ಮುಗಿಸುತ್ತದೆ, ಊರು ನಂಬುತ್ತದೆ, ಮುಂದೆ ಹುಟ್ಟುವ ನನ್ನ ಮಕ್ಕಳೂ ನಂಬುತ್ತಾರೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಟೀವಿಯವರು ಬರಲಿ. ಅವರಿಗೆ ಚಹಾ ಕೊಡಿ. ಚಂಪಾವತಿಯವರೇ, ಆ ಸೀರೆಯನ್ನೇ ಉಡಿ, ಅದು ಛಲೋ ಇದೆಯೆಂದು ಗುತ್ತೆವ್ವನೇ ಹೇಳುತ್ತಾಳೆ. ಆದರೆ ಡಿಸ್ಕ್ ಮುಟ್ಟಬೇಡಿ. ನಾವು ನಡೆಯುವ ದೃಶ್ಯಗಳಿಗೆ ಅದರಲ್ಲಿ ಜಾಗವಿಲ್ಲ ಎಂದು ಟೀವಿಯವರಿಗೆ ಹೇಳಿಬಿಡಿ. ಅವರು ಸಿಟ್ಟಾಗಿ ಎದ್ದು ಹೋದರೆ ಹೋಗಲಿ. ಹೋದರೆ ನಿಮಗೆ ನೋವಾಗುತ್ತದೆ, ಏಳು ವರ್ಷ ಕಾದ ಮೆಟ್ಟಿಲು ಮತ್ತೆ ಬಿಕೋ ಎನ್ನುತ್ತದೆ, ಅದು ನನಗೆ ಗೊತ್ತು. ನೀವು ನನ್ನ ಮಾತು ಕೇಳಿದರೆ ಆ ಕರಪತ್ರವೂ ಹುಟ್ಟುವುದಿಲ್ಲ, ಪೆಟ್ಟಿಗೆಯ ತಳದಲ್ಲಿ ನೀವು ನನಗೆ ಸಿಗುವುದಿಲ್ಲ, ಈ ಪತ್ರ ಬರೆಯಲು ನನಗೆ ಕಾರಣವೂ ಇರುವುದಿಲ್ಲ. ನಿಮ್ಮನ್ನು ಕಳೆದುಕೊಳ್ಳುವುದು ನನಗೂ ಸುಲಭವಲ್ಲ. ಕಳೆದುಕೊಳ್ಳುತ್ತೇನೆ. ಗುತ್ತೆವ್ವ ತನ್ನ ಮಾತನ್ನು ತಾನೇ ಮುಗಿಸಲಿ.

ಒಂದು ಕೆಲಸ ಮಾಡಿ. ಡಿಸ್ಕನ್ನೂ ಒಂದು ಸ್ಪೀಕರನ್ನೂ ತೆಗೆದುಕೊಂಡು ಬ್ಯಾಡಗಿಗೆ ಬನ್ನಿ. ಹೆಂಗಸರು ಅಂಗಳದಿಂದ ಬಂದು, ಕೈಗೆ ಹರಳೆಣ್ಣೆ ಹಚ್ಚಿಕೊಂಡು ಕಟ್ಟೆಗೆ ಕೂರುವ ಹೊತ್ತಿಗೆ ಬನ್ನಿ. ಆ ಎರಡು ಗಂಟೆಯ ಮಾತನ್ನು ಪೂರ್ತಿ, ಕತ್ತರಿಸದೆ, ಅವಳಿಗೇ ಮೊದಲು ಕೇಳಿಸಿ. ಶಮೀಮ್ ಅವರೇ, ನೀವು ಮೀಟರು ಬಿಟ್ಟು ಅವಳ ಪಕ್ಕ ಕೂರಿ. ಆಮೇಲೆ ಡಿಸ್ಕನ್ನು ಓಣಿಯವರಿಗೇ ಕೊಟ್ಟು ಹೋಗಿ, ಕೈಯಿಂದ ಕೈಗೆ ಅದು ನಮ್ಮವರೆಗೆ ಬರಲಿ. ನಮ್ಮ ಪಾಳಿ ಶುರುವಾಗುವುದೂ ಅದೇ ಹೊತ್ತಿಗೆ. ನಾನು ನನ್ನ ಕಾಲದಲ್ಲಿ ಅದೇ ಜಾಗಕ್ಕೆ ಬಂದು, ಯಂತ್ರಕ್ಕೆ ಬೆನ್ನು ಹಾಕಿ ಕೂತಿರುತ್ತೇನೆ. ಮಂಗಳವಾರ, ಸಂಜೆ ಐದೂವರೆಗೆ, ತೊಟ್ಟಿನ ಓಣಿಯ ಬಾಯಲ್ಲಿ.

ನಿಮ್ಮ,
ಹುಲಿಗೆವ್ವ