ಮುಖ ತಗ್ಗಿಸಿದ ಹೂವು

ಬಾದಾಮಿ, ಫೆಬ್ರವರಿ ೧೯೭೪

ಮೇಲೆ ಹೆಸರು ಬರೆದಿಲ್ಲ. ಗಂಡನ ಹೆಸರು ಹೇಳದವಳು ಬರೆಯುವುದು ಹೇಗೆ? ಹೇಗೂ ಇದನ್ನು ಟಪಾಲಿಗೆ ಹಾಕುವುದಿಲ್ಲ. ಯುದ್ಧ ಮುಗಿದ ಮೇಲೆ ನಿಮಗೆ ಬರೆದವೆಲ್ಲ ವಾಪಸ್ ಬಂದಿವೆ.

ನೀವು ಕಾಶ್ಮೀರದಿಂದ ಕಳಿಸಿದ್ದ ಕಾಲಂಬೈನ್ ಎಂಬ ಬೆಟ್ಟದ ಹೂವಿನ ಬೀಜ ಕೊನೆಗೂ ಹೂ ಬಿಟ್ಟಿತು. ಹಿತ್ತಲಲ್ಲಿ ಗುಡ್ಡದ ನೆರಳು ಸರಿಯದ ಮೂಲೆಯಲ್ಲಿ ಉದುರಿಸಿದ್ದೆ. ಮಣ್ಣು ಮುಚ್ಚಬೇಡ, ಬೆಳಕು ತಾಗಲಿ ಎಂದು ನೀವು ಬರೆದಿದ್ದಿರಿ. ಅತ್ತೆಗೆ ಅದೇ ಸಂಕಟ. "ಮಣ್ಣು ಮುಚ್ಚದ ಬೀಜ ಹ್ಯಾಂಗ ನಾಟತೈತಿ?" ಎನ್ನುತ್ತಿದ್ದರು. ಹೋದ ವರ್ಷ ಬರೀ ಎಲೆ. ನಿಮ್ಮ ಬಗ್ಗೆ ಬೀರಪ್ಪ ದೇವರಲ್ಲಿ ಹೂ ಕೇಳಿರೆಂದು ಊರವರು ಅಂದಾಗಲೆಲ್ಲ ಅತ್ತೆಯದು ಒಂದೇ ಮಾತು: "ನನ್ನ ಮಗನ ಹೂವು ಅರಳ್ಲಿ. ಅದನ್ನ ಇಟ್ಟು ಕೇಳ್ತೇನಿ."

ಇವತ್ತು ಮುಂಜಾನೆ ಅರಳಿತ್ತು. ನೀಲಿ ಹೂವು, ಮುಖ ನೆಲದ ಕಡೆಗೆ. ಬೆರಳಿನಿಂದ ಎತ್ತಿದರೂ ಮತ್ತೆ ಬಾಗಿತು.

ಅತ್ತೆಯೂ ನಾನೂ ಅದನ್ನು ಗುಡಿಗೆ ಒಯ್ದೆವು. ಪೂಜಾರಿ ಹುಲ್ಲಪ್ಪ ಅದನ್ನು ನೀರಲ್ಲಿ ಅದ್ದಿ ದೇವರ ನೆತ್ತಿಗೆ ಅಂಟಿಸಿದ. ಬಲಕ್ಕೆ ಬಿದ್ದರೆ ನೀವಿದ್ದೀರಿ. ಎಡಕ್ಕೆ ಬಿದ್ದರೆ ಇಲ್ಲ. ಬಹಳ ಹೊತ್ತು ಅದು ಅಲುಗಲಿಲ್ಲ.

ಬೀಳುವಾಗ ನಾನು ಕಣ್ಣು ಮುಚ್ಚಿದ್ದೆ. ತೆರೆದಾಗ ಹೂವು ಹುಲ್ಲಪ್ಪನ ಮುಷ್ಟಿಯಲ್ಲಿತ್ತು. ಪ್ರಸಾದವೆಂದು ಅದನ್ನು ಅವನು ನಮಗೆ ಕೊಡಲಿಲ್ಲ.

"ಅತ್ತಿ, ಯಾವ ಕಡಿ ಬಿತ್ತರಿ?" ಎಂದೆ.

"ನಡಿಯವ್ವ, ಮನಿಗೆ ಹೋಗೂಣು."

ದಾರಿಯುದ್ದಕ್ಕೂ ಅವರು ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದೇ ಇದ್ದರು, ಬಳೆಗಳು ಸದ್ದು ಮಾಡದ ಹಾಗೆ.